ವೈಟ್‌ಟೇಲ್ ಜಿಂಕಿ ಗಾಳಿ ಲೆಕ್ಕ ನಮ್ಮ ಚಿಂಕಾರಾ ಹುಲ್ಲೆಗೂ ಬರ್ತದೇನ್ರಿ?

ಗೋಕಾಕದಾಂವ: ನಮ್ಮ ಅಳಿಯಾ ಅಮೆರಿಕಾದಾಗ ಲೈಸೆನ್ಸ್ ತಗೊಂಡು ವೈಟ್‌ಟೇಲ್ ಬೇಟಿ ಆಡ್ತಾನ, ವಯಸ್ಸಾದ ಗಂಡು ಗಾಳಿ ಬೆನ್ನಿಗಿ ಹಾಕ್ಕೊಂಡು ಮಲಗತೈತಂತ, ಹಿಂದಿಂದ ಬಂದವರು ಮೂಗಿಗಿ ಸಿಗ್ತಾರ, ಮುಂದಿಂದ ಬಂದವರು ಕಣ್ಣಿಗಿ, ಹತ್ರ ಹೋಗೂದ ಕಷ್ಟ ಅಂತಾನ. ನಾ ಯಡಹಳ್ಳಿ ಅಭಯಾರಣ್ಯಕ್ಕ ಚಿಂಕಾರಾ ಫೋಟೋಕ್ಕ ಹೊಂಟೇನಿ, ಅಲ್ಲೂ ಇದ ಲೆಕ್ಕ ಏನ್ರಿ?

ಮುಧೋಳ ಹುಡುಗ: ಬೇಟಿ ಮಾತು ಇಲ್ಲಿ ಬ್ಯಾಡ್ರಿ ಅಣ್ಣಾ, 1972ರ ವನ್ಯಜೀವಿ ರಕ್ಷಣಾ ಕಾಯ್ದೆ ಐತಿ. ಫೋಟೋಕ್ಕಾದ್ರ ಗಾಳಿ ನಿಮ್ಮ ಮುಖಕ್ಕ ಬಡಿಯೋ ಹಂಗ ದೂರ ಕೂಡ್ರಿ, ಮಲಗೋ ಜಾಗಾಕ್ಕ ಮಾತ್ರ ಹೋಗಬ್ಯಾಡ್ರಿ, ಒಮ್ಮೆ ಬೆದರಿದ್ರ ಆ ದಿನಾ ಮುಗೀತು.

ಬೀಳಗಿ ಕಾಕಾ: ನೀರಿನ ಹೊಂಡ ನಂಬಬ್ಯಾಡ್ರಿ, ಚಿಂಕಾರಾ ಎಲಿ, ಇಬ್ಬನಿ ತೇವದಾಗನ ಭಾಳ ದಿನಾ ನೂಕತೈತಿ. ಮತ್ತ ಕೋಡು ಕಂಡ ಕೂಡ್ಲೆ ಗಂಡು ಅನಬ್ಯಾಡ್ರಿ, ಹೆಣ್ಣಿಗೂ ಇರ್ತಾವ, ಸಣ್ಣವು.

ಗೋಕಾಕದಾಂವ: ಅಯ್ಯ, ನಾ ಹೊಂಡದ ದಂಡಿಗೇ ಕೂಡಾಂವಿದ್ದೆ ನೋಡ್ರಿ!