16ಎಸ್ ಓದಿಸಿದರೂ ಪ್ಲಾಂಟಾರಮ್ಮೋ ಪೆಂಟೋಸಸ್ಸೋ ಗೊತ್ತಾಗುತ್ತಿಲ್ಲ [ಬಗೆಹರಿದಿದೆ]

ಹುಳಿಹಿಟ್ಟು:
ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಪ್ರಾಜೆಕ್ಟಿಗೆ ಮನೆಯ ದೋಸೆ ಹಿಟ್ಟಿನಿಂದ ಬ್ಯಾಕ್ಟೀರಿಯಾ ಬೆಳೆಸಿದ್ದೇನೆ. ಎಂಆರ್‌ಎಸ್ ಅಗರ್ ಮೇಲೆ ಬಂದ ಒಂದು ಬಿಳಿ ಕಾಲೊನಿಯ 16ಎಸ್ ಜೀನ್ (ಬ್ಯಾಕ್ಟೀರಿಯಾ ಗುರುತಿಸಲು ಬಳಸುವುದು) ಓದಿಸಿದೆ. 1,480 ಅಕ್ಷರ ಬಂತು. ಬ್ಲಾಸ್ಟ್‌ಗೆ ಹಾಕಿ ಡೇಟಾಬೇಸಿನ ಜೊತೆ ಹೋಲಿಸಿದರೆ ಪ್ಲಾಂಟಾರಮ್, ಪೆಂಟೋಸಸ್ ಎಂಬ ಎರಡೂ ಪ್ರಭೇದಗಳಿಗೆ 99.8% ಹೋಲಿಕೆ! ಸಾಲದ್ದಕ್ಕೆ ಪ್ಲಾಂಟಾರಮ್ ಹಿಂದೆ ಒಂದು ಕಡೆ ಲ್ಯಾಕ್ಟೊಬ್ಯಾಸಿಲಸ್, ಇನ್ನೊಂದು ಕಡೆ ಲ್ಯಾಕ್ಟಿಪ್ಲಾಂಟಿಬ್ಯಾಸಿಲಸ್ ಅಂತ ಇದೆ. 98.65% ದಾಟಿದರೆ ಒಂದೇ ಪ್ರಭೇದ ಅಂತ ಎಲ್ಲೋ ಓದಿದ ನೆನಪು. ಹಾಗಾದರೆ ನನ್ನದು ಎರಡೂ ಆಗಬೇಕಲ್ವಾ? ಗೈಡ್ ಮೇಡಂ ಸೋಮವಾರ ಹೆಸರು ಕೇಳುತ್ತಾರೆ.

ಮರಕೋತಿ:
ಹೆಸರಿಗೆ ತಲೆ ಕೆಡಿಸಿಕೊಳ್ಳಬೇಡಿ. 2020ರಲ್ಲಿ ಲ್ಯಾಕ್ಟೊಬ್ಯಾಸಿಲಸ್ ಕುಲವನ್ನು ಒಡೆದು 25 ಕುಲ ಮಾಡಿದರು. ಪ್ಲಾಂಟಾರಮ್ ಹಿಂದಿನ ಎರಡು ಕುಲದ ಹೆಸರೂ ಒಂದೇ ಜೀವಿಯದು, ಹೊಸದಾದ ಲ್ಯಾಕ್ಟಿಪ್ಲಾಂಟಿಬ್ಯಾಸಿಲಸ್ ಬರೆಯಿರಿ.

98.65 ಅನ್ನು ಮಾತ್ರ ತಿರುವುಮುರುವಾಗಿ ಓದಿದ್ದೀರಿ. ಅದಕ್ಕಿಂತ ಕಡಿಮೆ ಬಂದರೆ ಬೇರೆ ಪ್ರಭೇದ ಎನ್ನಬಹುದು. ಜಾಸ್ತಿ ಬಂದರೆ ಒಂದೇ ಎನ್ನಲು ಆಗದು. 16ಎಸ್ ಎಂದರೆ ಪ್ರೋಟೀನ್ ಕಟ್ಟುವ ರೈಬೋಸೋಮಿನ ಭಾಗ. ಅಲ್ಲಿ ಅಕ್ಷರ ತಪ್ಪಿದರೆ ಜೀವಿ ಬದುಕುವುದೇ ಕಷ್ಟ, ಹಾಗಾಗಿ ಬದಲಾವಣೆ ಬಹಳ ನಿಧಾನ. ಕಾರ್ಲ್ ವೋಸ್ ತಂಡ 1977ರಲ್ಲಿ ಆರ್ಕಿಯಾ ಎಂಬ ಸೂಕ್ಷ್ಮಜೀವಿಗಳ ಗುಂಪನ್ನು ಬ್ಯಾಕ್ಟೀರಿಯಾದಿಂದ ಬೇರೆ ಮಾಡಿದ್ದು ಇದನ್ನೇ ನೋಡಿ. ದೂರದ ನೆಂಟರನ್ನು ಗುರುತಿಸುತ್ತದೆ, ಅಣ್ಣತಮ್ಮಂದಿರನ್ನಲ್ಲ.

ಇನ್ನೊಂದು. 1,480ರಲ್ಲಿ 0.2% ಎಂದರೆ ಮೂರೇ ಅಕ್ಷರ. ಆ ಮೂರು ಎಲ್ಲಿವೆ? ಕ್ರೊಮ್ಯಾಟೊಗ್ರಾಮ್ (ಅಕ್ಷರಕ್ಕೊಂದು ಗುಡ್ಡ ತೋರಿಸುವ ಓದಿನ ಗ್ರಾಫ್) ತೆರೆದು ನೋಡಿ.

ಹುಳಿಹಿಟ್ಟು:
ಮೂರೂ ಕೊನೆಯ 40 ಅಕ್ಷರಗಳೊಳಗೇ ಇವೆ! ಅಲ್ಲಿ ಗುಡ್ಡಗಳೆಲ್ಲ ಕಲಸಿಹೋಗಿವೆ. ಅದನ್ನು ಕತ್ತರಿಸಿ ಮತ್ತೆ ಹಾಕಿದೆ. ಈಗ ಎರಡಕ್ಕೂ 99.9 ಮೇಲೆ. ನಡುವೆ ಒಂದು ಜಾಗದಲ್ಲಿ ಮಾತ್ರ ಒಂದರ ಮೇಲೊಂದು ಎರಡು ಗುಡ್ಡ ಕಾಣುತ್ತಿದೆ.

ಪೆಟ್ರಿತಟ್ಟೆ:
ಪೂರ್ತಿ ಜೀನೋಮ್ ಓದಿಸಿ ಎಎನ್‌ಐ (ಎರಡು ಜೀನೋಮ್‌ಗಳ ಸರಾಸರಿ ಹೋಲಿಕೆ) ನೋಡಿಬಿಡಿ. 95-96% ದಾಟಿದರೆ ಒಂದೇ ಪ್ರಭೇದ. ವಾದವೇ ಇಲ್ಲ.

ಮರಕೋತಿ:
ಸರಿ ಗುರು, ದುಡ್ಡು ನೀವು ಕೊಡ್ತೀರಾ? :)

ಹುಳಿಹಿಟ್ಟು ಅವರೇ, ರೆಕ್‌ಎ ಜೀನ್ ಹಿಡಿಯಿರಿ. ಡಿಎನ್‌ಎ ರಿಪೇರಿ ಮಾಡುವ ಪ್ರೋಟೀನಿನದು, 16ಎಸ್‌ಗಿಂತ ಬೇಗ ಬದಲಾಗುತ್ತದೆ. ಈ ಗುಂಪಿಗೆಂದೇ 2001ರಿಂದ ಒಂದು ಪಿಸಿಆರ್ (ಡಿಎನ್‌ಎ ತುಂಡನ್ನು ನಕಲು ಮಾಡಿ ಹೆಚ್ಚಿಸುವ ವಿಧಾನ) ಇದೆ. ಪ್ರೈಮರ್ ಎಂದರೆ ನಕಲು ಶುರುಮಾಡುವ ಸಣ್ಣ ಡಿಎನ್‌ಎ ತುಂಡು; ಇಲ್ಲಿ ಮೂರು ಫಾರ್ವರ್ಡ್, ಒಂದೇ ರಿವರ್ಸ್, ಎಲ್ಲ ಒಂದೇ ಟ್ಯೂಬಿನಲ್ಲಿ. ಜೆಲ್ ಮೇಲೆ ಬ್ಯಾಂಡ್ 318 ಅಕ್ಷರದ ಹತ್ತಿರ ಬಂದರೆ ಪ್ಲಾಂಟಾರಮ್, 218 ಬಂದರೆ ಪೆಂಟೋಸಸ್, 107 ಬಂದರೆ ಇದೇ ಗುಂಪಿನ ಪ್ಯಾರಾಪ್ಲಾಂಟಾರಮ್. ಓದಿಸುವ ಖರ್ಚೇ ಇಲ್ಲ, ಜೆಲ್ ಸಾಕು. ಆದರೆ 2% ಅಗರೋಸ್ ಹಾಕಿ, ಕಡಿಮೆ ಅಗರೋಸಿನ ಜೆಲ್‌ನಲ್ಲಿ ಸಣ್ಣ ಬ್ಯಾಂಡ್ ಓಡಿಹೋಗುತ್ತದೆ.

ಹುಳಿಹಿಟ್ಟು:
ಸರ್, ಮಾಡಿದೆ. 318, 218 ಎರಡೂ ಬಂದಿವೆ!! ಡಿಎನ್‌ಎ ಬದಲು ನೀರು ಹಾಕಿದ ಟ್ಯೂಬಿನಲ್ಲಿ ಏನೂ ಇಲ್ಲ. ಪ್ರೈಮರ್ ಕೆಟ್ಟಿದೆಯಾ?

ಪೆಟ್ರಿತಟ್ಟೆ:
ಪ್ರೈಮರ್ ಅಲ್ಲ, ಕಾಲೊನಿ. ಅಗರ್ ಮೇಲೆ ಎಷ್ಟು ಸಲ ಗೆರೆ ಎಳೆದು ಕಾಲೊನಿ ಬೇರೆ ಮಾಡಿದ್ದೀರಿ?

ಹುಳಿಹಿಟ್ಟು:
ಒಂದೇ ಸಲ...

ಮರಕೋತಿ:
ಅದೇ. ಆ ಜೋಡಿ ಗುಡ್ಡ ನೋಡಿ ನಾನೂ ಮೊದಲು ಬೇರೆ ಏನೋ ಅಂದುಕೊಂಡೆ. ಇವುಗಳ ಜೀನೋಮ್‌ನಲ್ಲಿ 16ಎಸ್ ಪ್ರತಿಗಳು ಹಲವು ಇರುತ್ತವೆ, ಒಂದಕ್ಕೊಂದು ಅಕ್ಷರ ಬೇರೆಯಾಗಿದ್ದರೂ ಹಾಗೇ ಕಾಣುತ್ತದೆ. ಆದರೆ ನಿಮ್ಮ ತಟ್ಟೆಯಲ್ಲಿ ಇಬ್ಬರು ಸೇರಿಕೊಂಡಿದ್ದಾರೆ. ಇಬ್ಬರ 16ಎಸ್ ಹೆಚ್ಚುಕಡಿಮೆ ಒಂದೇ ಆದ್ದರಿಂದ ಬೆರೆತಿದ್ದರೂ ಓದು ನೀಟಾಗಿ ಬಂದುಬಿಟ್ಟಿದೆ. ಬೇರೆ ಕುಲದ್ದು ಬೆರೆತಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಮೂರು ಸಲ ಗೆರೆ ಎಳೆದು, ಆರು ಕಾಲೊನಿ ಬೇರೆ ಬೇರೆ ಮಾಡಿ ನೋಡಿ.

ಹುಳಿಹಿಟ್ಟು:
ಒಂದು ವಾರದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ. ನಾಲ್ಕಕ್ಕೆ 318 ಮಾತ್ರ, ಎರಡಕ್ಕೆ 218 ಮಾತ್ರ. ಮೇಡಂ ಎರಡು ಹೆಸರನ್ನೂ ಒಪ್ಪಿದರು, ಬೈಗುಳವೂ ಸಿಕ್ಕಿತು. ಥ್ಯಾಂಕ್ಸ್ ಸರ್!

ಮರಕೋತಿ:
ಆ ಹಳೆಯ 16ಎಸ್ ಫೈಲನ್ನು ಜೀನ್‌ಬ್ಯಾಂಕ್ ಎಂಬ ಸಾರ್ವಜನಿಕ ಡೇಟಾಬೇಸಿಗೆ ಮಾತ್ರ ಹಾಕಬೇಡಿ. ಎರಡೂ ಗುಂಪಿನಿಂದ ಒಂದೊಂದು ಕಾಲೊನಿ ಹೊಸದಾಗಿ ಓದಿಸಿ. ಹೋಲಿಸುವಾಗ ಬ್ಲಾಸ್ಟ್‌ನಲ್ಲಿ ಟೈಪ್ ಸ್ಟ್ರೈನ್ (ಪ್ರಭೇದದ ಹೆಸರಿಗೆ ಆಧಾರವಾದ ಮಾದರಿ ತಳಿ) ಮಾತ್ರ ಆರಿಸಿಕೊಳ್ಳಿ. ಅಲ್ಲಿ ತಪ್ಪು ಹೆಸರಿನವು ಬೇಕಾದಷ್ಟಿವೆ.