ದುಡ್ಡು ನುಂಗಿದವನನ್ನು ಹಿಡಿದು ತಂದರೆ ಅಪಹರಣ ಆಗುತ್ತಾ? ವಕೀಲರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಸೇಡಂ ಕಡೆಯವರು): ವಕೀಲ್ ಸಾಹೇಬ್ರೇ, ನಮಸ್ಕಾರ. ನಮ್ಮೂರಿನ ಸುಮಾರು ಜನ ತೊಗರಿ ಮಾರಿದ ದುಡ್ಡನ್ನು ಒಬ್ಬ ಏಜೆಂಟನ ಸ್ಕೀಮಿಗೆ ಹಾಕಿದ್ದರು. ಮೊದಮೊದಲು ಬಡ್ಡಿ ಸರಿಯಾಗಿ ಬಂತು. ಆಮೇಲೆ ಅವನು ಫೋನ್ ಆಫ್ ಮಾಡಿ ಊರು ಬಿಟ್ಟ. ಸ್ಟೇಷನ್ನಿಗೆ ಹೋದರೆ "ಇದು ಸಿವಿಲ್ ಮ್ಯಾಟರ್" ಅಂದರು. ಅವನು ಸೊಲ್ಲಾಪುರದಲ್ಲಿ ಇದ್ದಾನೆ ಅಂತ ಗೊತ್ತಾಗಿ ನಮ್ಮ ಅಣ್ಣ ಮತ್ತು ಇನ್ನೂ ಮೂವರು ಹೋಗಿ ಗಾಡಿಯಲ್ಲಿ ಹಾಕಿಕೊಂಡು ಬಂದರು. ಎರಡು ರಾತ್ರಿ ಹೊಲದ ಶೆಡ್ಡಿನಲ್ಲಿ ಕೂರಿಸಿ, ಸ್ಟಾಂಪ್ ಪೇಪರ್ ಮೇಲೆ ಸಹಿ ಹಾಕಿಸಿಕೊಂಡು ಬಿಟ್ಟರು. ಈಗ ಅವನ ಹೆಂಡತಿಯ ದೂರಿನ ಮೇಲೆ ಅಪಹರಣದ ಕೇಸ್ ಆಗಿದೆ. ಅಣ್ಣ ಮನೆಗೇ ಬರ್ತಿಲ್ಲ. ಊರಲ್ಲಿ ಎರಡು ಪಾರ್ಟಿ ಆಗಿವೆ. "ಮೋಸ ಮಾಡಿದವನು ಆರಾಮ ಇದ್ದಾನೆ, ಮೋಸ ಹೋದವರ ಮೇಲೆ ಕೇಸು, ಇದ್ಯಾವ ನ್ಯಾಯ" ಅಂತ ಒಂದು. "ಎತ್ತಾಕೊಂಡು ಬಂದಿದ್ದೇ ತಪ್ಪು" ಅಂತ ಇನ್ನೊಂದು. ನಮ್ಮ ದುಡ್ಡು ನಾವು ಕೇಳಿದ್ದಕ್ಕೆ ಅಪಹರಣ ಅಂದ್ರೆ ಹೇಗೆ?

ವಕೀಲರು: ತಮ್ಮಾ, ನಿಮ್ಮ ಸಿಟ್ಟು ಅರ್ಥ ಆಗುತ್ತೆ. ವರ್ಷದ ಬೆಳೆಯ ದುಡ್ಡು ಹೋದವರಿಗೆ "ಸಿವಿಲ್ ಮ್ಯಾಟರ್" ಅಂತ ಹೇಳಿ ಕಳಿಸಿದ್ದು ತಪ್ಪು. ಆದರೆ ಕಾನೂನಿನಲ್ಲಿ ಇವು ಎರಡು ಬೇರೆ ಕೇಸು. ಒಂದು ಇನ್ನೊಂದನ್ನು ವಜಾ ಮಾಡಲ್ಲ. ಅವನು ಮೋಸ ಮಾಡಿದ್ದು ಪೂರ್ತಿ ನಿಜ ಇದ್ದರೂ ಅಣ್ಣನ ಮೇಲಿನ ಕೇಸ್ ನಿಲ್ಲುತ್ತೆ. ಅಣ್ಣ ಅವನನ್ನು ಕೂಡಿಹಾಕಿದ್ದು ನಿಜ ಇದ್ದರೂ ಅವನ ಮೋಸ ಮಾಫಿ ಆಗಲ್ಲ.

"ನಮ್ಮ ದುಡ್ಡೇ ಕೇಳಿದ್ದು" ಅನ್ನೋ ಮಾತನ್ನು ಕಾನೂನು ಮೊದಲೇ ಯೋಚಿಸಿ ಇಟ್ಟಿದೆ. ಹಳೆ ಐಪಿಸಿ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 127ನೇ ಸೆಕ್ಷನ್ ಅಕ್ರಮವಾಗಿ ಕೂಡಿಹಾಕುವುದರ ಬಗ್ಗೆ ಇದೆ. ಅದರ 8ನೇ ಉಪವಿಭಾಗ ನೋಡಿ. ಆಸ್ತಿ ವಾಪಸ್ ಕೊಡಿಸಲು, ಬಾಕಿ ತೀರಿಸಲು ಅಂತ ಕೂಡಿಹಾಕಿದರೂ 3 ವರ್ಷದವರೆಗೆ ಶಿಕ್ಷೆ. ಅದಕ್ಕಾಗಿ ಹೊಡೆದಿದ್ದರೆ 120ನೇ ಸೆಕ್ಷನ್, 7 ವರ್ಷದವರೆಗೆ. ಜಬರದಸ್ತಿಯಿಂದ ಕರೆತಂದು ಗುಟ್ಟಾಗಿ ಇಟ್ಟುಕೊಂಡರೆ 140(3), ಅದೂ 7 ವರ್ಷದವರೆಗೆ.

ಎಫ್‌ಐಆರ್ ಕಾಪಿ ತರಿಸಿ, 140(2) ಹಾಕಿದ್ದಾರಾ ಅಂತ ಮೊದಲು ನೋಡಿ. ಅದು ಒತ್ತೆ ಇಟ್ಟುಕೊಂಡು ಹಣ ಕೇಳುವ ಸೆಕ್ಷನ್. ಶಿಕ್ಷೆ ಮರಣದಂಡನೆ ಇಲ್ಲಾ ಜೀವಾವಧಿ. ಹಳೆ ಐಪಿಸಿಯಲ್ಲಿ 364ಎ ಇತ್ತಲ್ಲ, ಅದೇ ಇದು. ದುಡ್ಡಿನ ವಿಷಯ ಬಂತು ಅಂದ ಕೂಡಲೇ ಇದನ್ನು ಸೇರಿಸಿಬಿಡುವುದು ಸರಿ ಅಲ್ಲ ಅಂತ ನನ್ನ ಅಭಿಪ್ರಾಯ. 2021ರಲ್ಲಿ ತೆಲಂಗಾಣದ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಅಪಹರಿಸಿ ಹಣ ಕೇಳಿದರಷ್ಟೇ ಸಾಲದು, ಕೊಲ್ತೀವಿ ಇಲ್ಲಾ ಗಾಯ ಮಾಡ್ತೀವಿ ಅನ್ನೋ ಬೆದರಿಕೆ, ಇಲ್ಲಾ ಅಂಥ ಭಯ ಹುಟ್ಟಿಸುವ ನಡವಳಿಕೆ, ಇಲ್ಲಾ ನಿಜವಾಗಿ ಗಾಯ ಮಾಡಿದ್ದೂ ಸಾಬೀತಾಗಬೇಕು. ಹಾಗಾಗಿ ಆ ಸೆಕ್ಷನ್ ಬಹುಮಟ್ಟಿಗೆ ನಿಂತಿರೋದು ಅವನ ಹೆಂಡತಿಗೆ ಯಾರು ಫೋನ್ ಮಾಡಿದರು, ಏನಂದರು ಅನ್ನೋದರ ಮೇಲೆ. "ನಾಳೆ ಸಂಜೆಗೆ ದುಡ್ಡು ತಗೊಂಡು ಬಾ, ಇಲ್ಲಾಂದ್ರ ಕೈಕಾಲು ಮುರೀತೀವಿ" ಅಂತ ಒಂದು ವಾಯ್ಸ್ ಮೆಸೇಜ್ ಇದ್ದರೂ ಸಾಕು, ಆ ಸೆಕ್ಷನ್ನಿನಿಂದ ಬಿಡಿಸಿಕೊಳ್ಳೋದು ಬಹಳ ಕಷ್ಟ.

ಪ್ರಶ್ನೆ (ಶಹಾಬಾದ್): ಸರ್, ಕಳ್ಳನನ್ನು ಜನರೇ ಹಿಡಿಯಬಹುದು ಅಂತ ಕಾನೂನಿದೆ ಅಲ್ವಾ? ಹಂಗಿದ್ದಮೇಲೆ ಇದು ಹೆಂಗ ತಪ್ಪು?

ವಕೀಲರು: ಇದೆ. ಬಂಧನ, ತನಿಖೆ, ಜಾಮೀನು ಹೇಗೆ ನಡೆಯಬೇಕು ಅಂತ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಸೆಕ್ಷನ್. ಆದರೆ ನಿಮ್ಮ ಕಣ್ಣೆದುರೇ ಜಾಮೀನು ಹಕ್ಕಾಗಿ ಸಿಗದಂಥ, ಪೊಲೀಸರು ವಾರಂಟ್ ಇಲ್ಲದೆ ಹಿಡಿಯುವಂಥ ಅಪರಾಧ ನಡೆದಿರಬೇಕು. ಇಲ್ಲಾ ಅವನು ಕೋರ್ಟ್ ಘೋಷಿಸಿದ ಅಪರಾಧಿ ಆಗಿರಬೇಕು. ಹಿಡಿದ ಮೇಲೆ ತಡ ಮಾಡದೆ, ಹೆಚ್ಚೆಂದರೆ 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಅವತ್ತು ಸೊಲ್ಲಾಪುರದಿಂದ ಬರುವಾಗ ಗಾಡಿ ನೇರ ಸ್ಟೇಷನ್ ಮುಂದೆ ನಿಂತಿದ್ದರೆ ವಾದ ಮಾಡಲು ಒಂದಿಷ್ಟು ಜಾಗ ಇರುತ್ತಿತ್ತು. ಶೆಡ್ಡಿಗೆ ಹೋದಾಗ ಆ ಜಾಗವೂ ಹೋಯಿತು.

ಪ್ರಶ್ನೆ (ಮೊದಲು ಕೇಳಿದವರು): ಸಾಹೇಬ್ರೇ, ಸ್ಟಾಂಪ್ ಪೇಪರ್ ನಮ್ಮ ಹತ್ರಾನೇ ಇದೆ. ಸಾಲ ಒಪ್ಪಿಕೊಂಡು ಸಹಿ ಮಾಡಿದ್ದಾನೆ. ಅದರ ಮೇಲೆ ದಾವೆ ಹಾಕಬಹುದಾ?

ವಕೀಲರು: ಅದನ್ನು ನೆಚ್ಚಿಕೊಳ್ಳಬೇಡಿ. ಬಲವಂತದಿಂದ ಮಾಡಿಸಿದ ಕರಾರನ್ನು ಅವನು ರದ್ದು ಮಾಡಿಸಬಹುದು, ಕರಾರು ಕಾಯ್ದೆಯಲ್ಲೇ ಇದೆ. ಇನ್ನೂ ಒಂದು ತೊಂದರೆ ಇದೆ. ಅದರ ಮೇಲಿನ ತಾರೀಖು ಅವನು ಶೆಡ್ಡಿನಲ್ಲಿದ್ದ ದಿನದ್ದು. ಸಾಕ್ಷಿ ಅಂತ ಸಹಿ ಮಾಡಿದವರು ಈಗಿನ ಆರೋಪಿಗಳು. ಅದನ್ನು ಕೋರ್ಟಿಗೆ ಕೊಟ್ಟರೆ ಅಣ್ಣನ ವಿರುದ್ಧ ನೀವೇ ಸಾಕ್ಷಿ ಕೊಟ್ಟ ಹಾಗೆ. ಹಾಗಂತ ಹರಿದು ಹಾಕಬೇಡಿ, ಫೋನಿನಲ್ಲಿರೋದು ಡಿಲೀಟ್ ಮಾಡಬೇಡಿ. ಸಾಕ್ಷ್ಯ ನಾಶ ಬೇರೆಯೇ ಅಪರಾಧ. ನಿಮ್ಮ ವಕೀಲರ ಕೈಗೆ ಕೊಡಿ.

ನಿಜವಾದ ಬಲ ಇರೋದು ಹಳೆ ಕಾಗದಗಳಲ್ಲಿ. ಅವನು ಕೊಟ್ಟ ರಸೀದಿ, ಕೆಂಪು ರಟ್ಟಿನ ಪಾಸ್‌ಬುಕ್ಕು, ಫೋನ್‌ಪೇ ಎಂಟ್ರಿ, "ದುಪ್ಪಟ್ಟು ಆಗುತ್ತೆ" ಅಂತ ಹಂಚಿದ ಚೀಟಿ. ಹತ್ತಾರು ಜನರಿಗೆ ಒಂದೇ ಮಾತು ಹೇಳಿ ಒಂದೇ ಥರ ದುಡ್ಡು ಎತ್ತಿದ್ದು ತೋರಿಸಿದರೆ, ಶುರುವಿನಿಂದಲೇ ಮೋಸದ ಉದ್ದೇಶ ಇತ್ತು ಅನ್ನೋದಕ್ಕೆ ಬಲ ಬರುತ್ತೆ. ಆಗ ನ್ಯಾಯ ಸಂಹಿತೆಯ 318(4), ವಂಚನೆ, 7 ವರ್ಷದವರೆಗೆ. ಜೊತೆಗೆ ಠೇವಣಿದಾರರ ಹಿತರಕ್ಷಣೆಗೆ ಕರ್ನಾಟಕದ 2004ರ ಕಾಯ್ದೆ, ಅನಿಯಂತ್ರಿತ ಠೇವಣಿಗಳನ್ನು ನಿಷೇಧಿಸುವ ಕೇಂದ್ರದ 2019ರ ಕಾಯ್ದೆ ಇವೆ. ಇವುಗಳಲ್ಲಿ ಸರ್ಕಾರ ನೇಮಿಸಿದ ಅಧಿಕಾರಿ ಅವನ ಹೊಲ, ಮನೆ, ಖಾತೆ ಜಪ್ತಿ ಮಾಡಿ, ವಿಶೇಷ ಕೋರ್ಟಿನ ಮೂಲಕ ಠೇವಣಿದಾರರಿಗೆ ಹಂಚಲು ದಾರಿ ಇದೆ. ವರ್ಷಗಟ್ಟಲೆ ಹಿಡಿಯುತ್ತೆ, ಪೂರ್ತಿ ದುಡ್ಡು ಬರುತ್ತೆ ಅಂತ ನಾನು ಹೇಳಲ್ಲ. ಸ್ಟೇಷನ್ನಿನಲ್ಲಿ ದೂರು ತಗೊಳ್ಳದಿದ್ದರೆ ಎಸ್‌ಪಿಯವರಿಗೆ ರಿಜಿಸ್ಟರ್ಡ್ ಪೋಸ್ಟ್ ಹಾಕಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ಹೋಗಬಹುದು.

ಅಣ್ಣ ತಲೆ ಮರೆಸಿಕೊಂಡಷ್ಟೂ ಕೇಸ್ ಬಿಗಿಯಾಗುತ್ತೆ. ಸೆಷನ್ಸ್ ಕೋರ್ಟಿನಲ್ಲಿ ಇವತ್ತೇ ನಿರೀಕ್ಷಣಾ ಜಾಮೀನು, ಅಂದರೆ ಬಂಧನಕ್ಕೆ ಮೊದಲೇ ಕೇಳುವ ಜಾಮೀನಿಗೆ ಅರ್ಜಿ ಹಾಕಿಸಿ. ಅಲ್ಲಿ ಸಿಗದಿದ್ದರೆ ಹೈಕೋರ್ಟಿನ ಕಲಬುರಗಿ ಪೀಠ ಇದ್ದೇ ಇದೆ, ಬೆಂಗಳೂರಿಗೆ ಓಡಬೇಕಿಲ್ಲ.

ಪ್ರಶ್ನೆ (ಹುಮನಾಬಾದ್): ಹಿರಿಯರು ಕೂತು ರಾಜಿ ಮಾಡಿಸಿದರೆ? ಅವರು ಅಪಹರಣದ ಕೇಸ್ ಬಿಡಲಿ, ಇವರು ಮೋಸದ ದೂರು ಬಿಡಲಿ.

ವಕೀಲರು: ಊರಲ್ಲಿ ಎಲ್ಲರೂ ಇದನ್ನೇ ಹೇಳ್ತಾರೆ, ನನಗೆ ಬಹಳ ಬೇಜಾರಾಗೋದೂ ಇದಕ್ಕೇ. 140ನೇ ಸೆಕ್ಷನ್ ರಾಜಿ ಮಾಡಿಕೊಳ್ಳುವಂಥದ್ದಲ್ಲ. ರಾಜಿ ಪತ್ರ ಹಿಡಿದು ಹೈಕೋರ್ಟಿಗೆ ಹೋಗಿ ಕೇಸ್ ರದ್ದು ಮಾಡಿ ಅಂತ ಕೇಳಬಹುದು, ಆದರೆ ಗಂಭೀರ ಅಪರಾಧಗಳಲ್ಲಿ ಕೋರ್ಟ್ ಸುಲಭಕ್ಕೆ ಒಪ್ಪಲ್ಲ.

ಅದಕ್ಕಿಂತ ದೊಡ್ಡ ಮಾತು ಬೇರೆ. ನಾಲ್ಕು ಜನರನ್ನು ಉಳಿಸಲು ಇಡೀ ಊರಿನ ದೂರು ಬಿಟ್ಟುಕೊಡಲು ಹಿರಿಯರಿಗೆ ಹಕ್ಕು ಯಾರು ಕೊಟ್ಟರು? ಸೊಲ್ಲಾಪುರಕ್ಕೆ ಹೋಗದೆ, ಯಾರನ್ನೂ ಮುಟ್ಟದೆ, ರಸೀದಿಯನ್ನು ಟ್ರಂಕಿನಲ್ಲಿ ಇಟ್ಟುಕೊಂಡು ಕೂತ ಹೆಣ್ಣುಮಕ್ಕಳಿದ್ದಾರೆ, ವಯಸ್ಸಾದವರಿದ್ದಾರೆ. ಆ ಏಜೆಂಟನಿಗೆ ಬೇಕಾಗಿರೋದೂ ಇಂಥ ರಾಜಿಯೇ. ಅಪಹರಣದ ಕೇಸ್ ತೋರಿಸಿ ಎಲ್ಲರ ಠೇವಣಿ ಮುಳುಗಿಸಬಹುದು.

ಅದಕ್ಕೆ ಅಣ್ಣನ ಕೇಸನ್ನು ಅಣ್ಣನ ವಕೀಲರು ನಡೆಸಲಿ. ಮೋಸದ ದೂರನ್ನು ಆ ನಾಲ್ವರನ್ನು ಬಿಟ್ಟು ಬೇರೆಯವರ ಹೆಸರಿನಲ್ಲಿ ಕೊಡಿ. ಒಬ್ಬೊಬ್ಬರ ಹೆಸರು, ಕಟ್ಟಿದ ಮೊತ್ತ, ತಾರೀಖು, ರಸೀದಿ ಜೆರಾಕ್ಸು ಎಲ್ಲಾ ಒಂದೇ ಅರ್ಜಿಗೆ ಲಗತ್ತಿಸಿ. ಒರಿಜಿನಲ್ ಯಾರ ಕೈಗೂ ಸುಮ್ನೆ ಕೊಡಬೇಡಿ, ಪೊಲೀಸರು ತಗೊಂಡರೆ ಏನೇನು ತಗೊಂಡರು ಅನ್ನೋ ಜಪ್ತಿ ಪಂಚನಾಮೆ ಬರೆಸಿ ಅದರ ಕಾಪಿ ಕೇಳಿ ಪಡೆಯಿರಿ.