ತುಂಗಭದ್ರಾ ಎಡದಂಡೆ ಅಚ್ಚುಕಟ್ಟಿನ ನೀರಾವರಿಯನ್ನು ಹವಾಮಾನ ಮಾದರಿಯಲ್ಲಿ ಅಳವಡಿಸುವ ಬಗೆ

ಪ್ರಶ್ನೆ: ಸಂಶೋಧನಾ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ಗಂಗಾವತಿಯಿಂದ ಸಿಂಧನೂರು, ಮಾನ್ವಿ ದಾಟಿ ರಾಯಚೂರಿನವರೆಗಿನ ಗದ್ದೆ ನೀರಾವರಿಯು ಆ ಸೀಮೆಯ ಉಷ್ಣಾಂಶ ಮತ್ತು ಆರ್ದ್ರತೆಯನ್ನು ಎಷ್ಟು ಬದಲಿಸುತ್ತದೆ ಎಂಬುದನ್ನು ತಿಳಿಯಲು ಡಬ್ಲ್ಯುಆರ್‌ಎಫ್ ಎಂಬ ಹವಾಮಾನ ಮಾದರಿಯನ್ನು 3 ಕಿ.ಮೀ. ಅಗಲದ ಚೌಕಗಳ ಜಾಲದಲ್ಲಿ ಓಡಿಸುತ್ತಿದ್ದೇನೆ. 4.2ನೇ ಆವೃತ್ತಿಯಿಂದ ಅದರಲ್ಲೇ ದೊರೆಯುವ ಕಾಲುವೆ, ಹನಿ ಮತ್ತು ತುಂತುರು ವಿಧಾನಗಳ ಪೈಕಿ ಕಾಲುವೆಯನ್ನು ಆರಿಸಿಕೊಂಡು, ದಿನಕ್ಕೆ 5 ಮಿ.ಮೀ. ಲೆಕ್ಕದಲ್ಲಿ, ನಾಲ್ಕು ದಿನಕ್ಕೊಮ್ಮೆ 2 ಗಂಟೆ ನೀರು ಬಿಡುವಂತೆ ಮಾರ್ಚ್ 1ರಿಂದ ಮೇ 31ರವರೆಗಿನ ಅವಧಿಗೆ ಹೊಂದಿಸಿದ್ದೇನೆ. ಮಾರ್ಚಿನಲ್ಲಿ ಗಂಗಾವತಿಯ ಕಡೆ ನಿರೀಕ್ಷಿಸಿದಷ್ಟು ತಂಪು ಕಾಣಿಸುತ್ತಿಲ್ಲ; ಮೇ ತಿಂಗಳಲ್ಲಿ ಮಾತ್ರ ರಾಯಚೂರಿನ ಸುತ್ತ ಹಗಲಿನ ಗರಿಷ್ಠ ಉಷ್ಣಾಂಶವು ಮಾಪನ ಕೇಂದ್ರದ ಅಂಕಿಗಿಂತ ಕೆಳಗಿಳಿಯುತ್ತಿದೆ. ವಿಧಾನವನ್ನೇ ಬದಲಿಸಬೇಕೇ, ಅಥವಾ ಬೇರೆ ಕಾರಣವಿರಬಹುದೇ?

ಉತ್ತರ 1: ಭೂಮೇಲ್ಮೈ ಮಾದರಿಗಳಲ್ಲಿ ಕೆಲಸ ಮಾಡುವವರು

ವಿಧಾನದ ಆಯ್ಕೆ ಸರಿಯಾಗಿದೆ. ಮಾರ್ಚಿನ ಸಮಸ್ಯೆ ಇರುವುದು ನೀರು ಬಿಡುವ ವೇಗದಲ್ಲಿ ಎಂದು ತೋರುತ್ತದೆ. ನಾಲ್ಕು ದಿನಕ್ಕೊಮ್ಮೆ ಎಂದು ಕೊಟ್ಟಾಗ ಮಾದರಿಯು ನಾಲ್ಕು ದಿನಗಳ ನೀರನ್ನು, ಅಂದರೆ 20 ಮಿ.ಮೀ.ಯನ್ನು, ಆ ಎರಡೇ ಗಂಟೆಗಳಲ್ಲಿ ಸುರಿಯುತ್ತದೆ. ಪೂರ್ತಿ ನೀರಾವರಿ ನೆಲವೇ ಇರುವ ಜಾಲದ ಚೌಕದಲ್ಲಿ ಇದು ಗಂಟೆಗೆ 10 ಮಿ.ಮೀ. ಆಯಿತು. ಡಬ್ಲ್ಯುಆರ್‌ಎಫ್‌ನೊಳಗೆ ಮಣ್ಣು, ನೆಲದ ಲೆಕ್ಕ ಮಾಡುವ ನೋಆ ಮಾದರಿಯ ಮಣ್ಣಿನ ಕೋಷ್ಟಕದಲ್ಲಿ ಜೇಡಿಗೆ ಕೊಟ್ಟಿರುವ ನೀರಿಳಿಯುವ ಸಾಮರ್ಥ್ಯ, ಮಣ್ಣು ಪೂರ್ತಿ ನೆನೆದಾಗ, ಗಂಟೆಗೆ ಸುಮಾರು 3.5 ಮಿ.ಮೀ. ಮಾತ್ರ. ನಿಜವಾದ ಗದ್ದೆಯಲ್ಲಿ ಬದು ನೀರನ್ನು ತಡೆದು ನಿಲ್ಲಿಸುತ್ತದೆ, ಆದರೆ ಈ ಮಾದರಿಗೆ ಬದುವೆಂಬುದೇ ಇಲ್ಲದ ಕಾರಣ ಇಂಗದೆ ಉಳಿದ ನೀರು ಮೇಲ್ಮೈ ಹರಿವಾಗಿ ಲೆಕ್ಕದಿಂದ ಹೊರಗೆ ಹೋಗಿಬಿಡುತ್ತದೆ. ಮೇಲ್ಮೈ ಹರಿವಿನ ಒಟ್ಟು ಮೊತ್ತವನ್ನು ನೀರಾವರಿ ಇರುವ ಮತ್ತು ಇಲ್ಲದ ಓಟಗಳ ನಡುವೆ ಹೋಲಿಸಿ ನೋಡಿ, ಎಷ್ಟು ನೀರು ಹೀಗೆ ಕಳೆದುಹೋಯಿತೆಂಬುದು ಕೂಡಲೇ ಗೊತ್ತಾಗುತ್ತದೆ.

ದಿನಕ್ಕೆ 5 ಮಿ.ಮೀ. ನೀರು ಪೂರ್ತಿಯಾಗಿ ಆವಿಯಾದರೆ ದಿನದ ಸರಾಸರಿಯಲ್ಲಿ ಚದರ ಮೀಟರಿಗೆ ಸುಮಾರು 140 ವಾಟ್ ಶಕ್ತಿ ಗಾಳಿಯನ್ನು ಕಾಯಿಸುವ ಬದಲು ಆವಿಯಾಗಿಸುವುದಕ್ಕೆ ವ್ಯಯವಾಗಬೇಕು. ನಿಮ್ಮ ಎರಡು ಓಟಗಳ ಗುಪ್ತೋಷ್ಣದ ಹರಿವಿನ (ನೀರು ಆವಿಯಾಗುವಾಗ ನೆಲದಿಂದ ಗಾಳಿಗೆ ಸಾಗುವ ಶಕ್ತಿಯ) ವ್ಯತ್ಯಾಸ ಇದರ ಹತ್ತಿರಕ್ಕೂ ಬಾರದಿದ್ದರೆ ನೀರು ಮಣ್ಣಿಗೆ ಸೇರಿಲ್ಲವೆಂದೇ ಅರ್ಥ. ಕಾಲುವೆ ನೀರು ಹಗಲಿರುಳೂ ಹರಿಯುವುದರಿಂದ, ಪ್ರತಿದಿನ ನೀರು ಕೊಟ್ಟು ಗಂಟೆಗಳನ್ನೂ ಹೆಚ್ಚಿಸುವುದು ವಾಸ್ತವಕ್ಕೆ ಹತ್ತಿರ. ನೀರು ಬಿಡುವ ಆರಂಭದ ಗಂಟೆ ಜಾಗತಿಕ ಕಾಲಮಾನದಲ್ಲಿರುತ್ತದೆ; 6 ಎಂದು ಬರೆದರೆ ನಮ್ಮಲ್ಲಿ ಬೆಳಿಗ್ಗೆ 11.30 ಆಗಿರುತ್ತದೆ.

ಉತ್ತರ 2: ಸಿಂಧನೂರು ಕಡೆಯವರು, ನೀರಾವರಿ ಎಂಜಿನಿಯರ್

ಮೇ ತಿಂಗಳ ತಂಪಿಗೆ ಉತ್ತರ ಕಾಲುವೆಯಲ್ಲೇ ಇದೆ, ಮೇಡಂ. ಎರಡನೇ ಬೆಳೆಗೆ ಎಂದಿನವರೆಗೆ ನೀರು ಕೊಡಬೇಕೆಂಬುದನ್ನು ನೀರಾವರಿ ಸಲಹಾ ಸಮಿತಿಯು ಜಲಾಶಯದ ಸಂಗ್ರಹ ನೋಡಿ ತೀರ್ಮಾನಿಸುತ್ತದೆ. ಸಾಮಾನ್ಯವಾಗಿ ಮಾರ್ಚ್ ಕೊನೆಗೋ ಏಪ್ರಿಲ್ ಮೊದಲ ಭಾಗಕ್ಕೋ ನೀರು ನಿಲ್ಲುತ್ತದೆ, ಮೇ ಹೊತ್ತಿಗೆ ಭತ್ತದ ಕೊಯ್ಲು ಮುಗಿದು ಗದ್ದೆಯ ಎರೆಮಣ್ಣು ಬಿರುಕು ಬಿಟ್ಟಿರುತ್ತದೆ. ನಿಮ್ಮ ಮಾದರಿ ಆ ಬಿರುಕು ನೆಲಕ್ಕೆ ನೀರು ಹಾಯಿಸುತ್ತಿದೆ. ಮುಗಿಸುವ ದಿನಾಂಕವನ್ನು ಆಯಾ ವರ್ಷದ ನೀರು ಬಿಡುಗಡೆಯ ಆದೇಶದಿಂದಲೇ ತೆಗೆದುಕೊಳ್ಳಿ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಿದೆ. ಈ ಯೋಜನೆ ರೂಪುಗೊಂಡದ್ದು ಹೆಚ್ಚು ನೆಲಕ್ಕೆ ಸ್ವಲ್ಪ ಸ್ವಲ್ಪ ನೀರು ಹಂಚಿ ಜೋಳ, ಹತ್ತಿಯಂಥ ಅರೆ ಖುಷ್ಕಿ ಬೆಳೆಗಳನ್ನು ಉಳಿಸುವುದಕ್ಕೆ. ಮೇಲ್ಭಾಗದಲ್ಲಿ ಭತ್ತ ಹಬ್ಬಿದ್ದರಿಂದ ಮಾನ್ವಿ, ರಾಯಚೂರಿನ ಕೊನೆ ಭಾಗದ ರೈತರು ತಮ್ಮ ಪಾಲಿನ ನೀರಿಗಾಗಿ ವರ್ಷ ವರ್ಷವೂ ಹೋರಾಡುತ್ತಿದ್ದಾರೆ. ಮಾದರಿಯಲ್ಲಿ ಬಳಸುವ ಎಫ್‌ಎಒ (ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ) ನೀರಾವರಿ ನಕ್ಷೆಯು ನೀರಾವರಿ ಸೌಲಭ್ಯ ಇರುವ ನೆಲವನ್ನು ತೋರಿಸುತ್ತದೆಯೇ ಹೊರತು ಈ ವರ್ಷ ನೀರು ತಲುಪಿದ ನೆಲವನ್ನಲ್ಲ. ಅದರ ಚೌಕವೂ ಸುಮಾರು 9 ಕಿ.ಮೀ. ಅಗಲದ್ದು. ಆ ಹಂಗಾಮಿನ ಉಪಗ್ರಹ ಚಿತ್ರದಿಂದ ಹಸಿರಿರುವ ನೆಲವನ್ನು ಗುರುತಿಸಿ ನಿಮ್ಮದೇ ನಕ್ಷೆ ಮಾಡಿಕೊಳ್ಳದಿದ್ದರೆ, ನೀರು ಕಾಣದ ರೈತನ ಹೊಲವೂ ನಿಮ್ಮ ಪ್ರಬಂಧದಲ್ಲಿ ತಂಪಾಗಿಯೇ ಉಳಿದುಬಿಡುತ್ತದೆ.

ಉತ್ತರ 3: ಹವಾಮಾನ ಸಂಶೋಧಕರು

ಮೇಲಿನವರು ಹೇಳಿದ ಕಾಲದ ವಿಷಯ ನಿಮ್ಮ ಅಚ್ಚುಕಟ್ಟಿಗಷ್ಟೇ ಸೀಮಿತವಲ್ಲ. ಮುಂಗಾರು ಪೂರ್ವದಲ್ಲಿ ಗಂಗಾ ಬಯಲಿನ ಗೋಧಿ ಕೊಯ್ಲಾಗಿ ಬಹುಪಾಲು ನೆಲ ಬೀಳಾಗಿರುತ್ತದೆ. ಅದನ್ನು ಸರಿಯಾಗಿ ಪರಿಗಣಿಸಿದರೆ ಆ ದಿನಗಳ ಶಾಖದ ಒತ್ತಡದ ಮೇಲೆ ನೀರಾವರಿಯ ಪ್ರಭಾವ ಸೀಮಿತವೆಂದು ಐಐಟಿ ಬಾಂಬೆಯ ಸಂಶೋಧಕರೂ ಇತರರೂ 2022ರಲ್ಲಿ ತೋರಿಸಿದ್ದಾರೆ. ಶಾಖದ ಒತ್ತಡವನ್ನು ನೀವೂ ನೋಡುವುದಾದರೆ ಉಷ್ಣಾಂಶವೊಂದನ್ನೇ ನೆಚ್ಚಬೇಡಿ. ನೀರಾವರಿಯಿಂದ ಗಾಳಿ ತಂಪಾದರೂ ತೇವಾಂಶ ಏರಿ, ನೆಲದ ಮೇಲಿನ ಗಾಳಿ ಕಲೆಯುವ ಪದರದ ಎತ್ತರ ತಗ್ಗಿ, ಹೊಲದಲ್ಲಿ ದುಡಿಯುವವರ ಮೈ ಬೆವರು ಆರದೇ ಹೋಗಬಹುದು, ಆದ್ದರಿಂದ ಶಾಖ, ತೇವಾಂಶ ಎರಡನ್ನೂ ಸೇರಿಸಿ ಹೇಳುವ ಆರ್ದ್ರ ಬಲ್ಬ್ ಉಷ್ಣಾಂಶವನ್ನು ಕಡ್ಡಾಯವಾಗಿ ಲೆಕ್ಕ ಹಾಕಿ. ಮಳೆಯ ವ್ಯತ್ಯಾಸವನ್ನು ಒಂದೇ ಜೋಡಿ ಓಟದಿಂದ ಹೇಳಲಾಗದು. ಆರಂಭದ ದಿನವನ್ನು ಹಿಂದೆ ಮುಂದೆ ಮಾಡಿ ಹಲವು ಓಟಗಳನ್ನು ನಡೆಸಬೇಕು.

ಪ್ರಶ್ನೆ ಕೇಳಿದವರು

ಮೂವರಿಗೂ ಧನ್ಯವಾದಗಳು. ದಿನವಹಿ ನೀರು, ಉಪಗ್ರಹ ಚಿತ್ರದಿಂದ ಮಾಡಿದ ನಕ್ಷೆ, ಆದೇಶದಲ್ಲಿರುವ ಕೊನೆಯ ದಿನಾಂಕ, ಇವುಗಳೊಂದಿಗೆ ಮತ್ತೆ ಓಡಿಸುತ್ತೇನೆ. ಎಂಜಿನಿಯರ್ ಸರ್, ವಿತರಣಾ ಕಾಲುವೆವಾರು ನೀರಿನ ಪ್ರಮಾಣದ ದಾಖಲೆ ಯಾವ ಕಚೇರಿಯಲ್ಲಿ ಸಿಗುತ್ತದೆಂದು ತಿಳಿಸಿದರೆ, ಮೇಲ್ಭಾಗಕ್ಕೂ ಕೊನೆ ಭಾಗಕ್ಕೂ ಒಂದೇ 5 ಮಿ.ಮೀ. ಕೊಡುವುದನ್ನು ಬಿಟ್ಟು ಬೇರೆ ಬೇರೆ ಪ್ರಮಾಣವನ್ನೇ ಬಳಸಬಹುದು.